ಗಾಲಿಗೊಂದು ಕವಚ, ಗಾಳಿಗೊಂದು ದಾರಿ

ಮಳೆಗಾಲದಲ್ಲಿ ಮಸ್ಕಿ, ಸಿಂಧನೂರು ಕಡೆಯ ಎರೆಹೊಲಕ್ಕೆ ಬೈಕ್ ಇಳಿಸಿದವರಿಗೆ ಗೊತ್ತು: ನಾಲ್ಕು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡ್ ಒಳಗೆ ಮಣ್ಣು ಮೆತ್ತಿ ಗಾಲಿಯೇ ನಿಂತುಬಿಡುತ್ತದೆ. ಹಳೆಯ ಕಾಲದ ಪುಟ್ಟ ವಿಮಾನಗಳಿಗೂ ಇದೇ ಪಾಡು. ಅವುಗಳ ಗಾಲಿಗೂ ಕವಚವಿದೆ. ಆದರೆ ಅದು ಕೆಸರು ತಡೆಯಲಿಕ್ಕಲ್ಲ, ಗಾಳಿಯನ್ನು ಜಾರಿಸಲಿಕ್ಕೆ. ಸ್ಪ್ಯಾಟ್ ಎಂದು ಅದರ ಹೆಸರು. ಗಾಲಿ, ಕಾಲು, ಆನಿಕೆಗಳ ಹೊದಿಕೆಗೆಲ್ಲ ಒಟ್ಟಾಗಿ ಫೇರಿಂಗ್ ಅನ್ನುತ್ತಾರೆ.

ದೊಡ್ಡ ವಿಮಾನ ಮೇಲೇರಿದೊಡನೆ ಗಾಲಿಗಳನ್ನು ಒಳಗೆ ಮಡಚಿಕೊಳ್ಳುತ್ತದೆ. ಹಾಗೆ ಮಡಚುವ ಯಂತ್ರದ ಭಾರ, ಖರ್ಚು ಸಣ್ಣ ವಿಮಾನಕ್ಕೆ ಸಾಮಾನ್ಯವಾಗಿ ಹೊರೆ. ಅದು ಕಾಲು ಇಳಿಬಿಟ್ಟುಕೊಂಡೇ ಹಾರಬೇಕು. ಗಾಳಿಯ ತಡೆಯೋ, ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ; ಅದನ್ನು ಮೀರಲು ಬೇಕಾದ ಶಕ್ತಿ ಘನದ ಲೆಕ್ಕದಲ್ಲಿ. ಶೇ 10ರಷ್ಟು ಹೆಚ್ಚು ವೇಗ ಬೇಕೆಂದರೆ ಎಂಜಿನ್ ಶಕ್ತಿ ಸುಮಾರು ಮೂರನೇ ಒಂದು ಪಾಲು ಹೆಚ್ಚಬೇಕು. ಎಂಜಿನ್ ಬದಲಿಸುವುದಕ್ಕಿಂತ ತಡೆಯನ್ನೇ ತಗ್ಗಿಸುವುದು ಅಗ್ಗ.

ಕಾಲಿನ ದುಂಡು ಕೊಳವೆಯ ಹಿಂದೆ ಗಾಳಿ ಸುಳಿಯಾಗಿ ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ಹೊದಿಕೆಯ ಮೂತಿಗಿಂತ ಬಾಲ ಮುಖ್ಯ: ಮುಂದೆ ಗುಂಡಗಿದ್ದು, ಹಿಂದೆ ಉದ್ದಕ್ಕೆ ಸಣ್ಣಗಾಗುತ್ತ ಹೋಗಬೇಕು. ಗಾಲಿಯ ಕವಚವಾದರೆ, ಫೈಬರ್‌ಗ್ಲಾಸ್ ಬಟ್ಟೆಯನ್ನು ಅಚ್ಚಿಗೆ ಹಾಸಿ ರಾಳ ಬಳಿದು ಎರಡು ಹೋಳು ಮಾಡಿಕೊಂಡು ಸ್ಕ್ರೂ ಹಾಕಿ ಕೂರಿಸುತ್ತಾರೆ. ಬಾಲದಡಿ ಗಾಲಿಯಿರುವ ಹಳೆಯ ವಿಮಾನ ನೆಲದಲ್ಲಿ ನಿಂತಾಗ ಈ ಕವಚ ಮೂತಿ ಎತ್ತಿಕೊಂಡಂತೆ ಕಾಣುತ್ತದೆ. ಅದು ಮೆಕ್ಯಾನಿಕ್ ತಪ್ಪಲ್ಲ; ಹಾರುವಾಗಿನ ಗಾಳಿಯ ದಿಕ್ಕಿಗೆ ಅದನ್ನು ನೇರ ಮಾಡಿರುತ್ತಾರೆ.

ಭಾರತದಲ್ಲಿ ಇಂಥ ತೆರೆದ ಕಾಲಿನ ವಿಮಾನಗಳ ತವರು ನಮ್ಮ ಬೆಂಗಳೂರೇ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ. ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ ಪುಷ್ಪಕ್ 1958ರಲ್ಲಿ ಬಂತು. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಹಾರಲು ಕಲಿತದ್ದು ಅದರಲ್ಲೇ. 1972ರಲ್ಲಿ ಹಾರಿದ ಬಸಂತ್ ಬೆಳೆಗೆ ಔಷಧ ಸಿಂಪಡಿಸುವ ವಿಮಾನ. ಪೈರಿನ ತಲೆ ಸವರುತ್ತ ನಿಧಾನವಾಗಿ ಹಾರಬೇಕಾದ ಅದಕ್ಕೆ ವೇಗದ ಶೋಕಿ ಯಾಕೆ? ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ (1993) ಬರುವ ಹೊತ್ತಿಗೆ ಒಡಲೇ ಕಾಂಪೊಸಿಟ್ (ನಾರು-ರಾಳದ ಮಿಶ್ರಣ) ಆಯಿತು. ರಿವೆಟ್ ಸಾಲಿನ ಉಬ್ಬುತಗ್ಗು ಅಚ್ಚಿನಲ್ಲೇ ಮಾಯ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ನಾಲ್ಕು ಸೀಟಿನ ಸೆಸ್ನಾ 172ರ ಹಳೆಯ ಕೈಪಿಡಿಯ ಪ್ರಕಾರ ಗಾಲಿ ಕವಚಗಳಿಂದ ಬರುವ ಲಾಭ ಸುಮಾರು ಎರಡು ನಾಟ್, ಅಂದರೆ ಗಂಟೆಗೆ ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ. ದೂರ ಹೋಗುವವನಿಗೆ ಅದು ಇಂಧನದ ಉಳಿತಾಯ. ದಿನವಿಡೀ ಏರಿ ಇಳಿಯುವ ತರಬೇತಿ ವಿಮಾನದಲ್ಲಿ ಟೈರಿನ ಗಾಳಿ, ಬ್ರೇಕು ನೋಡಲು ಕವಚವೇ ಅಡ್ಡಿ. ಹಸಿ ನೆಲವಾದರೆ ಒಳಗೆ ಕೆಸರು ಬೇರೆ. ಹಾಗಾಗಿ ಎಷ್ಟೋ ಶಾಲೆಗಳು ಬಿಚ್ಚಿಡುತ್ತವೆ. ನನ್ನ ಕೇಳಿದರೆ ಅದೇ ಸರಿ.

ಬೆಂಗಳೂರಿಗೆ ಹೋದಾಗ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಎಚ್‌ಟಿ-2 ಅಲ್ಲಿದೆ. ರೆಕ್ಕೆ ನೋಡಿದ ಮೇಲೆ ಬಗ್ಗಿ ಅದರ ಕಾಲನ್ನೂ ನೋಡಿ.