ಕಾಮಾಲೆ, ನೆಲನೆಲ್ಲಿ, ಮೊದಲ ದಿನದ ಲಸಿಕೆ

ನಮ್ಮ ಕರಾವಳಿಯಲ್ಲಿ ಕಾಮಾಲೆಯೆಂದೊಡನೆ ನೆನಪಾಗುವ ಮದ್ದು ನೆಲನೆಲ್ಲಿ. ಕಾಪುವಿನ ಗದ್ದೆಯ ಹುಣಿಯಲ್ಲಿಯೂ ಕಾರ್ಕಳದ ತೋಟದ ಅಂಚಿನಲ್ಲಿಯೂ ಮಳೆಗಾಲದಲ್ಲಿ ತಾನಾಗಿ ಮೊಳೆಯುವ ಈ ಕಿರುಗಿಡವನ್ನು ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಕುಡಿಸುತ್ತಾರೆ. ಎಣ್ಣೆ, ಖಾರ ಬಿಡಿಸುತ್ತಾರೆ. ಕೆಲವು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ, ಮನೆಯವರಿಗೆ ನೆಮ್ಮದಿಯಾಗುತ್ತದೆ. ಆ ನೆಮ್ಮದಿ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಇಂದು ನನ್ನ ಉದ್ದೇಶ.

ಕಾಮಾಲೆ ಒಂದು ಲಕ್ಷಣ; ಅದಕ್ಕೆ ಕಾರಣಗಳು ಹಲವು. ಮಲಿನವಾದ ನೀರಿನಿಂದ ಬರುವ 'ಎ' ಬಗೆಯ ವೈರಾಣುವನ್ನು ದೇಹವು ಸಾಮಾನ್ಯವಾಗಿ ತಾನೇ ಹೊರದೂಡುತ್ತದೆ. ಕೀರ್ತಿ ಮಾತ್ರ ಮದ್ದಿಗೆ ಸಲ್ಲುತ್ತದೆ. ರಕ್ತದಿಂದ, ದೇಹಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುವ 'ಬಿ' ಬಗೆಯದರ ಸ್ವಭಾವ ಬೇರೆ. ವಯಸ್ಕರಿಗೆ ತಗುಲಿದರೆ ನೂರರಲ್ಲಿ ಸುಮಾರು 95 ಮಂದಿ ಅದನ್ನು ಗೆಲ್ಲುತ್ತಾರೆ. ಹುಟ್ಟುವಾಗಲೇ ತಗುಲಿದರೆ ನೂರರಲ್ಲಿ ಸುಮಾರು 90 ಶಿಶುಗಳಲ್ಲಿ ಅದು ನೆಲೆಯೂರುತ್ತದೆ. ಎಳೆಯ ದೇಹಕ್ಕೆ ಅದು ಹಗೆಯೆಂದು ಗುರುತು ಹತ್ತುವುದಿಲ್ಲ. ನೋವಿಲ್ಲ, ಹಳದಿಯಿಲ್ಲ. ದಶಕಗಳ ಬಳಿಕ ಯಕೃತ್ತು ಗಡುಸಾದಾಗಲೋ ಅಲ್ಲಿ ಕ್ಯಾನ್ಸರ್ ಬೆಳೆದಾಗಲೋ ಸಂಗತಿ ಬಯಲಾಗುತ್ತದೆ.

ಹಾಗಾದರೆ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಈ ವೈರಾಣು ತಾನಾಗಿ ಯಕೃತ್ತಿನ ಜೀವಕೋಶಗಳನ್ನು ಕೊಲ್ಲುವುದು ಕಡಮೆ. ಅದು ಹೊಕ್ಕ ಕೋಶಗಳನ್ನು ನಮ್ಮ ರಕ್ಷಣಾಪಡೆಯೇ ಕೊಲ್ಲುತ್ತದೆ. ಗೆಲ್ಲಲೂ ಆಗದೆ ಬಿಡಲೂ ಆಗದೆ ವರ್ಷಗಟ್ಟಲೆ ಸಾಗುವ ಆ ಕಾಳಗದಿಂದಲೇ ಯಕೃತ್ತು ಕೆಡುತ್ತದೆ. ಬಲವೊಂದೇ ಇದ್ದರೆ ಸಾಲದು, ಗುರುತಿನ ಅರಿವೂ ಬೇಕು.

ವಿಜ್ಞಾನವು ನೆಲನೆಲ್ಲಿಯನ್ನು ಕಡೆಗಣಿಸಲಿಲ್ಲ. ಅದನ್ನು ಸೇವಿಸಿದ 37 ಮಂದಿ 'ಬಿ' ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮರೆಯಾಯಿತೆಂದು 1988ರಲ್ಲಿ ಮದರಾಸಿನ ಸಂಶೋಧಕರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಈ ವೈರಾಣುವಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಡೆದ ಬ್ಲುಂಬರ್ಗ್ ಅವರೂ ಅವರೊಡನಿದ್ದರು. ಆದರೆ ಅನಂತರ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ದೊರೆಯಲಿಲ್ಲ. ಇಂದಿನ ಟೆನೊಫೊವಿರ್‌ನಂತಹ ಗುಳಿಗೆಗಳು ವೈರಾಣುವನ್ನು ಅಡಗಿಸಿಡುತ್ತವೆ. ಬೇರುಸಹಿತ ಕೀಳುವುದು ಅಪರೂಪ.

ಕಲಿಸುವ ಕೆಲಸವನ್ನು ಮಾಡುವುದು ಲಸಿಕೆ. ವೈರಾಣುವಿನ ಹೊರಕವಚವನ್ನಷ್ಟೇ ತೋರಿಸಿ, ಹಗೆ ಇಂಥದೆಂದು ಅದು ದೇಹಕ್ಕೆ ಪರಿಚಯಿಸುತ್ತದೆ. ಆದರೆ ಹುಟ್ಟಿದ 24 ಗಂಟೆಗಳೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು. ತಾಯಿಯ ರಕ್ತದಲ್ಲಿ ವೈರಾಣುವಿದ್ದರಂತೂ ಗಂಟೆಗಂಟೆಗೂ ಬೆಲೆಯುಂಟು. 1953ರಲ್ಲಿಯೇ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಕಂಡ ನಾಡು ನಮ್ಮದು. ಉಡುಪಿಯ ಸುತ್ತಿನವರು ಬಸುರಿಯ ರಕ್ತಪರೀಕ್ಷೆಗೆ ದೂರ ಅಲೆಯಬೇಕಾಗಿಲ್ಲ.

ಅಂಗಳದ ನೆಲನೆಲ್ಲಿ ಅಲ್ಲಿಯೇ ಇರಲಿ. ಕಣ್ಣಿನ ಹಳದಿ ಇಳಿದ ಮೇಲೆಯೂ ಒಮ್ಮೆ ರಕ್ತವನ್ನು ಪರೀಕ್ಷಿಸಿ, ಬಂದದ್ದು ಯಾವ ಬಗೆಯ ಕಾಮಾಲೆಯೆಂದು ತಿಳಿದುಕೊಳ್ಳಿ. ಮನೆಯಲ್ಲಿ ತೊಟ್ಟಿಲು ಕಟ್ಟುವ ಸಂಭ್ರಮವಿದ್ದರೆ, ಮಗುವಿಗೆ ಮೊದಲ ದಿನದ ಲಸಿಕೆ ಆಯಿತೇ ಎಂದು ಕೇಳಲು ಮರೆಯದಿರಿ.