ಅಜ್ಜನ ಕಿಸೆ ಗಡಿಯಾರಕ್ಕೆ ‘ಸ್ಪೇರ್’ ಎಲ್ಲಿ?

ಮಳೆಗಾಲ ಕಳೆದು ಅಟ್ಟ ಗುಡಿಸುವಾಗ ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳಲ್ಲಿ ಏನೇನೋ ಸಿಗುತ್ತದೆ. ಗೆದ್ದಲು ತಿಂದ ಲೆಕ್ಕದ ಪುಸ್ತಕ, ಗಾಜಿಲ್ಲದ ಲಾಟೀನು, ಅಪರೂಪಕ್ಕೊಂದು ಕಿಸೆ ಗಡಿಯಾರ. ಗಡಿಯಾರ ಸಿಕ್ಕಿತೆಂದರೆ ಎಲ್ಲರೂ ಮಾಡುವುದು ಒಂದೇ ಕೆಲಸ: ಕೀ ಕೊಟ್ಟು ನೋಡುವುದು. ಕೆಡುವುದೂ ಆಗಲೇ. ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ವರ್ಷವರ್ಷವೂ ತೇವ ಕುಡಿದ ಹಳೆಯ ಉಕ್ಕಿನ ಸ್ಪ್ರಿಂಗಿಗೆ ಕಣ್ಣಿಗೆ ಕಾಣದ ತುಕ್ಕು ಹಿಡಿದಿರುತ್ತದೆ. ಬಿಗಿದರೆ ಟಪ್ಪೆಂದು ತುಂಡಾಗುತ್ತದೆ. ಹಾಗೆ ತುಂಡಾಗುವಾಗ ಪಕ್ಕದ ಚಕ್ರದ ಹಲ್ಲನ್ನೂ ಮುರಿದು ಹಾಕಬಹುದು.

ನಮ್ಮ ಮನೆಯ ಗಡಿಯಾರಕ್ಕೂ ಹಾಗೆಯೇ ಆಯಿತು. ಅದಕ್ಕೆ ಯಾವ ಕಾಲದಲ್ಲೋ ಯಾರೋ ತೆಂಗಿನೆಣ್ಣೆಯನ್ನೂ ಬಿಟ್ಟಿದ್ದರು. ಅದು ಒಳಗೆ ಅಂಟಾಗಿ, ಹಳದಿ ಮೇಣದ ಹಾಗೆ ಕೂತಿತ್ತು. ಪೇಟೆಯ ವಾಚಿನಂಗಡಿಯವರು ಕಣ್ಣಿಗೆ ಗ್ಲಾಸು ಸಿಕ್ಕಿಸಿ ಹಿಂದಿನ ಮುಚ್ಚಳ ತೆಗೆದು ನೋಡಿ, “ಮೆಷಿನ್ ಒಳ್ಳೆದುಂಟು, ಸ್ಪೇರ್ ಇಲ್ಲ ಮಾರಾಯ್ರೆ” ಎಂದರು. ಈಗ ಅವರ ಹೆಚ್ಚಿನ ವ್ಯಾಪಾರ ಬ್ಯಾಟರಿ ಮತ್ತು ಬೆಲ್ಟಿನದ್ದು.

ಆ ಗಡಿಯಾರದ ಬೆನ್ನ ಮೇಲೆ ಹೊಗೆ ಬಿಡುವ ರೈಲು ಎಂಜಿನ್ನಿನ ಚಿತ್ರವಿದೆ. ನಮ್ಮ ಕಡೆಯ ಕಬಕ, ನೆಟ್ಟಣವನ್ನು ಹಾದುಹೋಗುವ ಮಂಗಳೂರು–ಹಾಸನ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಅಂದರೆ ರೈಲಿಗಿಂತ ಎಷ್ಟೋ ಮೊದಲೇ ರೈಲಿನ ಗಡಿಯಾರ ನಮ್ಮ ಅಟ್ಟ ಹತ್ತಿತ್ತು! ಇಂಥ ಎಂಜಿನ್ ಚಿತ್ರದ ಅಗ್ಗದ ಗಡಿಯಾರಗಳಲ್ಲಿ ಹೆಚ್ಚಿನವು ರಾಸ್ಕೋಫ್ ಮಾದರಿಯವು. ಸ್ವಿಟ್ಜರ್ಲೆಂಡಿನ ಜಾರ್ಜ್ ಫ್ರೆಡ್ರಿಕ್ ರಾಸ್ಕೋಫ್ 1867ರಲ್ಲಿ ಕೂಲಿಕಾರರಿಗೂ ಎಟಕುವ ಬೆಲೆಗೆಂದು ಇದನ್ನು ಮಾರುಕಟ್ಟೆಗೆ ತಂದ. ಮಾಣಿಕ್ಯದ ಕಲ್ಲಿರಬೇಕಾದ ಜಾಗದಲ್ಲಿ ಉಕ್ಕಿನ ಸಣ್ಣ ಪಿನ್ನು. ಇಡೀ ಮೆಷಿನ್ನಿಗೆ 57 ಬಿಡಿಭಾಗ. ಶ್ರೀಮಂತರ ಗಡಿಯಾರ ಇಟ್ಟುಕೊಂಡವರು ಇದನ್ನು ನೋಡಿ ನಗಬಹುದು. ರಿಪೇರಿಗೆ ಕೂತಾಗ ನಗುವ ಸರದಿ ನಮ್ಮದು, ಯಾಕೆಂದರೆ ಅವರ ಗಡಿಯಾರಕ್ಕೆ ಸ್ಪೇರ್ ಸಿಗುವುದು ಇನ್ನೂ ಕಷ್ಟ.

ಹಳೆಯ ಇಂಗ್ಲಿಷ್ ಗಡಿಯಾರದ ಒಂದೊಂದು ಭಾಗವನ್ನೂ ಕೈಯಲ್ಲಿ ಉಜ್ಜಿ ಕೂರಿಸಿರುತ್ತಾರೆ. ಒಂದರ ಚಕ್ರ ಅಂಥದ್ದೇ ಇನ್ನೊಂದಕ್ಕೆ ಕೂರುವುದಿಲ್ಲ. ಅಮೆರಿಕದ ವಾಲ್ಥಮ್ ಕಂಪೆನಿ 1850ರ ದಶಕದಲ್ಲಿ ಯಂತ್ರದಿಂದಲೇ ಒಂದೇ ಅಳತೆಯ ಭಾಗಗಳನ್ನು ಮಾಡಲು ಹೊರಟಿತು. ಅದರ ಮೆಷಿನ್ ಮೇಲಿನ ಸಂಖ್ಯೆ ಹಿಡಿದು ಹೋದರೆ ಮಾದರಿ ಗೊತ್ತಾಗುತ್ತದೆ, ಮಾದರಿ ಗೊತ್ತಾದರೆ ಸ್ಪೇರ್ ಹುಡುಕಬಹುದು. ಸ್ವಿಸ್ ಗಡಿಯಾರಗಳದ್ದು ಇವೆರಡರ ನಡುವಿನ ಗತಿ.

ಹುಡುಕಹೊರಟವರು ಡಯಲ್ ಮೇಲಿನ ಹೆಸರನ್ನು ನಂಬಿ ಕೂರಬಾರದು. 1886ರಲ್ಲಿ ಶುರುವಾದ ವೆಸ್ಟ್ ಎಂಡ್ ವಾಚ್ ಕಂಪೆನಿಯ ಡಯಲಿನಲ್ಲಿ ಬಾಂಬೆ, ಕಲ್ಕತ್ತಾ ಎಂದಿರುತ್ತದೆ. ಒಳಗಿನ ಮೆಷಿನ್ ಸ್ವಿಟ್ಜರ್ಲೆಂಡಿನದ್ದು. ಅನೇಕ ಡಯಲ್‌ಗಳ ಮೇಲಿರುವುದು ತರಿಸಿ ಮಾರಿದವರ ಹೆಸರು ಮಾತ್ರ. ಕೇಸಿನೊಳಗಿನ ಸಂಖ್ಯೆ ಕೇಸಿನದ್ದೇ, ಮೆಷಿನ್ನಿನದ್ದಲ್ಲ. ಅಲ್ಲಿ ಕಾಣುವ ಸಿಂಹ, ಲಂಗರಿನ ಗುರುತು ಬರ್ಮಿಂಗ್‌ಹ್ಯಾಮಿನಲ್ಲಿ ಬೆಳ್ಳಿಯನ್ನು ಪರೀಕ್ಷಿಸಿದ್ದಕ್ಕೆ ಸಾಕ್ಷಿ, ಅಷ್ಟೆ. ನಿಜವಾದ ಗುರುತು ಬ್ಯಾಲೆನ್ಸ್ ಚಕ್ರದ ಕೆಳಗೋ ಡಯಲಿನ ಹಿಂದೋ ಅಡಗಿರುತ್ತದೆ. ಅದೂ ಇಲ್ಲದಿದ್ದರೆ ಮೆಷಿನ್ನಿನ ಅಗಲ ಅಳೆಯಬೇಕು. ಕಸುಬಿನವರು ಅಳೆಯುವುದು ‘ಲೀನ್’ ಎಂಬ ಹಳೆಯ ಫ್ರೆಂಚ್ ಮಾನದಲ್ಲಿ. ಒಂದು ಲೀನ್ ಎಂದರೆ ಸುಮಾರು 2.26 ಮಿ.ಮೀ. ಆಮೇಲೆ ಮುಳ್ಳು ತಿರುಗಿಸುವ ಭಾಗದ ಪುಟ್ಟ ಉಕ್ಕಿನ ತಗಡುಗಳ ಆಕಾರವನ್ನು ಹಳೆಯ ಕ್ಯಾಟಲಾಗಿನ ಚಿತ್ರಗಳ ಜೊತೆ ಹೋಲಿಸಿ ನೋಡಬೇಕು. ಒಬ್ಬೊಬ್ಬ ತಯಾರಕನೂ ಆ ತಗಡನ್ನು ಒಂದೊಂದು ಆಕಾರದಲ್ಲಿ ಕತ್ತರಿಸಿರುವುದರಿಂದ ಅದು ಹೆಬ್ಬೆಟ್ಟಿನ ಗುರುತಿದ್ದ ಹಾಗೆ.

ಕೀ ಕೊಟ್ಟಾಗ ಬಿಗಿಯುವ ಮೈನ್‌ಸ್ಪ್ರಿಂಗಿಗೆ ಇಷ್ಟೆಲ್ಲ ಒದ್ದಾಟ ಬೇಡ. ಅಗಲ, ದಪ್ಪ, ಉದ್ದ ಮತ್ತು ತುದಿಯ ಕೊಕ್ಕೆ ಹೊಂದಿದರೆ ಬೇರೆ ಕಂಪೆನಿಯದ್ದೂ ಆಗುತ್ತದೆ. ಗಾಜನ್ನೂ ಹೇಗಾದರೂ ಹೊಂದಿಸಬಹುದು. ಕಾಡುವುದು ಬ್ಯಾಲೆನ್ಸ್ ಚಕ್ರದ ಕಡ್ಡಿ. ಇಂಥ ಹಳೆಯ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಐದು ಸಲ ಅತ್ತಿಂದಿತ್ತ ಆಡುವ ಆ ಚಕ್ರ ನಿಂತಿರುವುದು ಕೂದಲೆಳೆಗಿಂತ ತುಸು ದಪ್ಪದ ಎರಡು ತುದಿಗಳ ಮೇಲೆ. ಗಡಿಯಾರ ಒಮ್ಮೆ ಸಿಮೆಂಟು ನೆಲಕ್ಕೆ ಬಿದ್ದರೆ ಸಾಕು, ತುದಿ ಮುರಿದಿರುತ್ತದೆ. ಕಡ್ಡಿ ಸಿಗದಿದ್ದರೆ ಉಕ್ಕಿನ ತಂತಿಯನ್ನು ಪುಟ್ಟ ಲೇತಿನಲ್ಲಿ ಕಡೆದು ಹೊಸದು ಮಾಡಬೇಕು. ಅದನ್ನು ಬಲ್ಲವರು ಕಡಿಮೆ. ಇದ್ದವರು ಕೇಳುವ ಮಜೂರಿ ಹೆಚ್ಚಲ್ಲ ಎಂದೇ ನನ್ನ ಅಭಿಪ್ರಾಯ.

‘ಬೆಂಗಳೂರಿನಲ್ಲಿ ಎಚ್‌ಎಂಟಿ ಇತ್ತಲ್ಲ, ಅಲ್ಲಿಯದ್ದು ಆಗದೇ?’ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಶುರುಮಾಡಿದ್ದು ಕೈಗಡಿಯಾರಗಳನ್ನು. ಅದರ ಭಾಗಗಳು ಅಜ್ಜನ ಗಡಿಯಾರದೊಳಗೆ ಮಕ್ಕಳ ಆಟಿಕೆಯಷ್ಟು ಸಣ್ಣದಾಗಿ ಕಾಣುತ್ತವೆ. ಎಚ್‌ಎಂಟಿಯ ಗಡಿಯಾರದ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2016ರಲ್ಲಿ.

ಕಡೆಗೆ ಸ್ಪೇರ್ ಸಿಗುವುದು ಇನ್ನೊಂದು ಸತ್ತ ಗಡಿಯಾರದಲ್ಲೇ. ಮುಂಬೈಯ ಚೋರ್ ಬಜಾರಿನಲ್ಲಿ, ಬೆಂಗಳೂರಿನ ಚಿಕ್ಕಪೇಟೆಯ ಕಡೆಯ ಭಾನುವಾರದ ಸಂತೆಯಲ್ಲಿ ಹಳೆಯ ಗಡಿಯಾರಗಳನ್ನು ರಾಶಿ ಹಾಕಿ ಮಾರುತ್ತಾರೆ. ಅಷ್ಟು ದೂರ ಹೋಗುವ ಮೊದಲು ಹತ್ತಿರದ ಪೇಟೆಯ ಹಳೆಯ ರಿಪೇರಿಯವರ ಮೇಜಿನ ಕೆಳಗಿನ ಡಬ್ಬಿ ನೋಡಿ. ನಮ್ಮ ಗಡಿಯಾರಕ್ಕೆ ಬೇಕಿದ್ದ ಸ್ಪ್ರಿಂಗ್ ಕೂರುವ, ಹಲ್ಲು ಮುರಿಯದ ಪುಟ್ಟ ಡಬ್ಬಿಯೂ ಸ್ಪ್ರಿಂಗೂ ಸಿಕ್ಕಿದ್ದು ಅಂಥ ಒಂದು ಬಿಸ್ಕೆಟ್ ಡಬ್ಬಿಯಲ್ಲಿ, ಕೇಸೇ ಇಲ್ಲದ ಒಂದು ಮೆಷಿನ್ನಿನಿಂದ. ಈಗ ಅದು ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ.

ಆ ಮೆಷಿನ್ನಿಗೆ ಕೇಸು ಯಾಕಿರಲಿಲ್ಲ ಎಂದು ಊಹಿಸುವುದು ಕಷ್ಟವಲ್ಲ. ಕೇಸು ಬೆಳ್ಳಿಯದ್ದಾದರೆ ಅಕ್ಕಸಾಲಿಗನ ತಕ್ಕಡಿಗೆ ಹೋಗುತ್ತದೆ, ಒಳಗಿನದ್ದು ಗುಜರಿಗೆ. ಬೆಳ್ಳಿ ಮಾರುವವರು ಮಾರಲಿ. ಆದರೆ ಮೆಷಿನ್ ಎಸೆಯಬೇಡಿ. ಒಂದು ಒಣ ಡಬ್ಬಿಗೆ ಹಾಕಿ ನಿಮ್ಮೂರಿನ ವಾಚು ರಿಪೇರಿಯವರಿಗೆ ಕೊಟ್ಟುಬಿಡಿ. ಮತ್ತು ದಯವಿಟ್ಟು, ಅದಕ್ಕೂ ಮೊದಲು ಕೀ ಕೊಟ್ಟು ನೋಡಬೇಡಿ.