ತಲೆಯ ಮೇಲಿನ ಕೊಡ, ವೇದಿಕೆಯ ಮೇಲಿನ ನಡಿಗೆ

"ಅಜ್ಜಿ, ನನಗ ಹತ್ತಕ್ಕ ಎಷ್ಟು ಮಾರ್ಕ್ಸ್ ಕೊಡ್ತಿ?"

ಟೀವಿಯಲ್ಲಿ ಸೌಂದರ್ಯ ಸ್ಪರ್ಧೆ ನೋಡುತ್ತಿದ್ದ ಮೊಮ್ಮಗಳು ಹೀಗೆ ಕೇಳಿಬಿಟ್ಟರೆ ಉತ್ತರ ಸುಲಭವಲ್ಲ. ಅದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ: "ನಾ ಚೆಂದ ಅದೀನೇನು?" ಹಾಗಾದರೆ ಅಲ್ಲಿ ಕುಳಿತ ತೀರ್ಪುಗಾರರು ಏನನ್ನು ಅಳೆಯುತ್ತಾರೆ? ಅಜ್ಜ, ಅಜ್ಜಿ, ಮೊಮ್ಮಕ್ಕಳು ಕೂಡಿಯೇ ನೋಡೋಣ.

ಮೊದಲನೆಯದು ನಡಿಗೆ. ಇದಕ್ಕೆ ಕ್ಯಾಟ್‌ವಾಕ್ ಎನ್ನುತ್ತಾರೆ. ಕಿರಿದಾದ ಗೋಡೆಯ ಮೇಲೆ ಬೆಕ್ಕು ನಡೆದಂತೆ, ಒಂದೇ ಗೆರೆಯ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆ ಇಡಬೇಕು. ಬೆನ್ನು ನೆಟ್ಟಗಿರಬೇಕು, ಭುಜ ಸಡಿಲವಿರಬೇಕು, ನೋಟ ನೆಲಕ್ಕೆ ಬೀಳಬಾರದು. ಕೊನೆಗೆ ಕ್ಷಣಕಾಲ ನಿಂತು, ತಡಬಡಿಸದೆ ತಿರುಗಬೇಕು. ಹುನಗುಂದ ಸೀಮೆಯ ರಾಮಥಾಳದಂಥ ಊರಿನ ಅಜ್ಜಿಯರಿಗೆ ಇದೇನು ಹೊಸದೇ? ಮನೆಗೆ ನಳ ಬರುವ ಮೊದಲು ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ತುಂಬಿದ ಕೊಡ ಇಟ್ಟು ನಡೆದವರು ಅವರು. ನೀರು ತುಳುಕದಂತೆ ನಡೆಯುವುದು ಹುಟ್ಟಿನಿಂದ ಬರಲಿಲ್ಲ, ರೂಢಿಯಿಂದ ಬಂತು.

ಎರಡನೆಯದು ನಿಲುವು. ಸಾವಿರ ಕಣ್ಣು ನೋಡುತ್ತಿರುವಾಗ ಗಾಬರಿಯಾಗದೆ ಮಾತಾಡುವುದು. 1994ರ ಭಾರತ ಸುಂದರಿ ಸ್ಪರ್ಧೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಮತ್ತು ಸುಶ್ಮಿತಾ ಸೇನ್ ಇಬ್ಬರಿಗೂ ಸಮ ಅಂಕ ಬಂತು. ಕೊನೆಗೆ ಇನ್ನೊಂದು ಸುತ್ತಿನ ಪ್ರಶ್ನೆ ಕೇಳಿ ಸುಶ್ಮಿತಾರನ್ನು ಗೆಲ್ಲಿಸಿದರು. ಅವರಿಗೆ ಬಂದ ಪ್ರಶ್ನೆ ನಮ್ಮ ದೇಶದ ಬಟ್ಟೆಯ ಪರಂಪರೆಯನ್ನು ಕುರಿತದ್ದು. ಅದೇ ವರ್ಷ ಸುಶ್ಮಿತಾ ಭುವನಸುಂದರಿಯಾದರು. ಅಂದು ಎರಡನೆಯವರಾದ ಐಶ್ವರ್ಯಾ ವಿಶ್ವಸುಂದರಿಯಾದರು! ಅಂಕ ಆ ಸಂಜೆಯದು, ಆಯುಷ್ಯದ್ದಲ್ಲ.

ಬಟ್ಟೆಯ ಪ್ರಶ್ನೆ ನಿಮಗೇ ಬಂದರೆ? ಪಕ್ಕದ ಇಳಕಲ್ಲನ್ನು ನೆನೆಯಿರಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ರೇಷ್ಮೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಅಜ್ಜಿಯ ಸೀರೆ ಬಿಡಿಸಿ ಆ ಕೂಡುವ ಜಾಗ ಹುಡುಕಿ. ಕಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರೆ ಅದೇ ಒಳ್ಳೆಯ ಉತ್ತರ.

ಮೂರನೆಯದು ರೂಪ. ಜಗಳ ಹುಟ್ಟುವುದು ಇಲ್ಲೇ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. 88 ಸ್ಪರ್ಧಿಗಳಲ್ಲಿ ಗ್ರೀಸ್‌ನ ಐರಿನ್ ಸ್ಕ್ಲಿವಾ ಗೆದ್ದರು. ಹೆಣ್ಣನ್ನು ಹೀಗೆ ಅಳೆಯುವುದು ಸರಿಯೇ ಎಂದು ಮಹಿಳಾ ಸಂಘಟನೆಗಳು, ರೈತರು ಪ್ರತಿಭಟಿಸಿದರು. ಈಜುಡುಗೆಯ ಸುತ್ತನ್ನು ಸೀಷೆಲ್ಸ್ ದ್ವೀಪಗಳಲ್ಲಿ ನಡೆಸಬೇಕಾಯಿತು. 2015ರಿಂದ ಆ ಸುತ್ತನ್ನೇ ಕೈಬಿಟ್ಟರು. ಅಳೆಯುವ ಕೋಲೇ ಬದಲಾಯಿತೆಂದರೆ ಅದು ದೇವರು ಕೊಟ್ಟ ಕೋಲಲ್ಲ, ಮನುಷ್ಯರು ಮಾಡಿಕೊಂಡದ್ದು.

ಮಕ್ಕಳೇ, ಈ ಭಾನುವಾರ ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು ಪಡಸಾಲೆಯಲ್ಲಿ ಹತ್ತು ಹೆಜ್ಜೆ ನಡೆಯಿರಿ. ಹುಡುಗರೂ ಸೇರಿ. ತೀರ್ಪುಗಾರರಾಗಿ ಅಜ್ಜ, ಅಜ್ಜಿ ಕೂಡಲಿ. ಮಾರ್ಕ್ಸ್ ಕೇಳಿದ ಮೊಮ್ಮಗಳಿಗೆ ಅಜ್ಜಿ ಹೇಳಬಹುದಾದ ಮಾತು ಇಷ್ಟೇ:

"ನಡಿಗಿಗೆ ಕೊಡ್ತೀನಿ, ಮಾತಿಗೆ ಕೊಡ್ತೀನಿ. ಮಾರಿಗೆ ಮಾರ್ಕ್ಸ್ ಇಲ್ಲವ್ವಾ, ಅದು ನಮ್ಮದು."